ಪರೀಕ್ಷೆ ಮುಗಿಯುವವರೆಗೆ ಚಪಾತಿ

ತೂಬಗೆರೆ
18-8-2013

ಪ್ರೀತಿಯ ಮಗ ಚಲಪತಿಗೆ ನಿಮ್ಮಪ್ಪ ಲಕ್ಷ್ಮಯ್ಯ ಮಾಡುವ ಆಶೀರ್ವಾದಗಳು.

ಹೇಗಿದ್ದೀಯಪ್ಪಾ? ರಾಜಸ್ಥಾನದ ಗಡಿಯಲ್ಲಿ ಬಿಸಿಲು ಸ್ವಲ್ಪ ಇಳಿಯಿತೇ? ಇಲ್ಲಿ ನಾವು ಕ್ಷೇಮ. ರಾಗಿ ಪೈರು ಗೇಣುದ್ದ ಬಂದಿದೆ. ನೀನು ಫೋನು ಮಾಡಿದಾಗ ಅರ್ಧ ಮಾತು ಕೇಳಿಸುವುದಿಲ್ಲ, ಉಳಿದರ್ಧ ನಿಮ್ಮಮ್ಮನ ಅಳುವಿನಲ್ಲಿ ಹೋಗುತ್ತದೆ. ಅದಕ್ಕೇ ನಿನ್ನ ಮಗಳ ವಿಷಯವನ್ನು ಕೂತು ಬರೆಯುತ್ತಿದ್ದೇನೆ. ಹೆದರಬೇಡ. ಹರ್ಷಿತಳ ಕಾಯಿಲೆ ಯಾವುದೆಂದು ಗೊತ್ತಾಯಿತು. ಸೀಲಿಯಾಕ್ ಎಂದು ಅದರ ಹೆಸರು. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಶ ಅವಳ ಕರುಳಿಗೆ ಆಗುವುದಿಲ್ಲ.

ಎಂಟು ವರ್ಷದ ಹುಡುಗಿ ಆರು ವರ್ಷದವಳಂತೆ ಕಾಣುತ್ತಿದ್ದಳು. ಹೊಟ್ಟೆ ಉಬ್ಬರ, ಭೇದಿ. ಎಷ್ಟು ಟಾನಿಕ್ ಕುಡಿಸಿದರೂ ರಕ್ತ ಏರುತ್ತಿರಲಿಲ್ಲ. ಹೊಟ್ಟೆ ಕೆಟ್ಟಾಗಲೆಲ್ಲ ನಾವು ಮಾಡುತ್ತಿದ್ದುದೇನು? ಮುದ್ದೆ ಭಾರ ಎಂದು ನಿಲ್ಲಿಸಿ, ಹಗುರ ಇರಲೆಂದು ರವೆ ಗಂಜಿ, ರಸ್ಕು, ಇಲ್ಲವೇ ಮಮತ ವಿಮಾನ ನಿಲ್ದಾಣದ ಕ್ಯಾಂಟೀನಿನ ಕೆಲಸ ಮುಗಿಸಿ ಬರುವಾಗ ತರುವ ಬನ್ನು ಕೊಡುತ್ತಿದ್ದೆವು. ನಾವೇ ಬೆಳೆದ ರಾಗಿಯನ್ನು ದೂರವಿಟ್ಟು, ಮಗುವಿಗೆ ಆಗದ್ದನ್ನೇ ಮುದ್ದುಮಾಡಿ ತಿನ್ನಿಸಿದೆವು.

ಈ ಸಲ ಬೆಂಗಳೂರಿನ ಡಾಕ್ಟರಮ್ಮ ಊಟದ ವಿಷಯವನ್ನೆಲ್ಲ ಬಿಡಿಸಿ ಕೇಳಿ ರಕ್ತ ಪರೀಕ್ಷೆ ಬರೆದುಕೊಟ್ಟರು. ಅದರಲ್ಲಿ ಈ ಕಾಯಿಲೆಯ ಪ್ರತಿಕಾಯಗಳು ಹೆಚ್ಚಿದ್ದವು. ಖಚಿತ ಮಾಡಿಕೊಳ್ಳಲು ಕರುಳಿನ ಚೂರು ತೆಗೆದು ನೋಡಬೇಕು, ಅಲ್ಲಿಯವರೆಗೆ ಗೋಧಿ ಮಾತ್ರ ನಿಲ್ಲಿಸಬೇಡಿ ಎಂದರು. ಅದಕ್ಕೇ ಮನೆಯಲ್ಲಿ ಗಲಾಟೆ ಎದ್ದಿತು. ಮಮತ ಲಟ್ಟಣಿಗೆ ಕೆಳಗಿಟ್ಟು, "ಗೊತ್ತಿದ್ದೂ ಗೊತ್ತಿದ್ದೂ ನನ್ ಕೈಯಾರೆ ತಿನ್ನಿಸ್ಲಾ ಮಾವ?" ಎಂದು ಅತ್ತಳು. ಅವಳದೇನೂ ತಪ್ಪಿಲ್ಲ. ಗೋಧಿ ಬಿಟ್ಟರೆ ಕರುಳು ಮಾಯತೊಡಗುತ್ತದೆ, ಪರೀಕ್ಷೆಯಲ್ಲಿ ಕಾಯಿಲೆ ಸಿಗದೇ ಹೋಗಬಹುದು, ಆಮೇಲೆ ಜೀವನವಿಡೀ ಅನುಮಾನವೇ ಉಳಿಯುತ್ತದೆ ಎಂದು ಬಿಡಿಸಿ ಹೇಳಿದೆ. ಅವಳು ಕಣ್ಣೊರೆಸಿಕೊಂಡು ಚಪಾತಿ ಲಟ್ಟಿಸಿದಳು.

ಒಪ್ಪದವಳು ನಿಮ್ಮಮ್ಮ. ಒಂದು ದಿನ ಹರ್ಷಿತ ಬಂದು, "ತಾತಾ, ಅಜ್ಜಿ ನನ್ ಚಪಾತೀನ ಹಸುಗೆ ಹಾಕ್ಬಿಡ್ತು, ನಂಗೆ ಮುದ್ದೆ ಕೊಡ್ತು" ಎಂದಳು. ವಿಚಾರಿಸಿದರೆ ದಿನಾ ಅದೇ ನಡೆದಿದೆ! "ಹೂಂ, ಹಾಕ್ದೆ. ಹಸು ಏನ್ ಸತ್ತೋಯ್ತಾ? ನಿಮ್ ಪರೀಕ್ಷೆಗೋಸ್ಕರ ನನ್ ಮೊಮ್ಮಗಳ ಹೊಟ್ಟೆ ಸುಡ್ಬೇಕಾ?" ಎಂದು ನನ್ನ ಮೇಲೇ ಬಿದ್ದಳು. ಡಾಕ್ಟರಮ್ಮನಿಗೆ ಮುಚ್ಚಿಡದೆ ಫೋನು ಮಾಡಿ ಹೇಳಿದೆ. ಅವರು ಬೈಯಲಿಲ್ಲ, ಪರೀಕ್ಷೆಯನ್ನು ಕೆಲವು ವಾರ ಮುಂದಕ್ಕೆ ಹಾಕಿದರು. ಅಂದಿನಿಂದ ಊಟದ ಹೊತ್ತಿಗೆ ಮಗುವಿನ ಪಕ್ಕ ನಾನೇ ಕೂತೆ. ಅವಳು ಹೊಟ್ಟೆ ಹಿಡಿದುಕೊಂಡಾಗ ತಟ್ಟೆ ಸರಿಸಿ ಬೆನ್ನು ನೀವುತ್ತಿದ್ದೆ.

ಪರೀಕ್ಷೆ ಸುಸೂತ್ರವಾಗಿ ಆಯಿತು. ಮಂಪರು ಬರಿಸಿ, ಬಾಯಿಂದ ಸಣ್ಣ ಕೊಳವೆ ಇಳಿಸಿ, ಅಕ್ಕಿಕಾಳಿಗಿಂತ ಚಿಕ್ಕ ಚೂರುಗಳನ್ನು ತೆಗೆದರು. ಹೊಟ್ಟೆ ಕೊಯ್ಯಲಿಲ್ಲ. ಎಚ್ಚರವಾದ ಮೇಲೆ ನಿನ್ನ ಮಗಳು ಮೊದಲು ಕೇಳಿದ್ದು ಐಸ್‌ಕ್ರೀಮು. ಚೆನ್ನಾಗಿರುವ ಕರುಳಿನ ಒಳಮೈಯಲ್ಲಿ ಪೈರಿನಂತೆ ಎದ್ದುನಿಂತ ಎಳೆಗಳಿರುತ್ತವಂತೆ, ಇವಳಲ್ಲಿ ಅವು ಸವೆದು ಮಟ್ಟವಾಗಿದ್ದವು. ತಿಂದದ್ದು ಮೈಗೆ ಹತ್ತದೇ ಇದ್ದುದು ಅದಕ್ಕೇ. "ಗೋಧಿ ಪೂರ್ತಿ ಬಿಡಿಸಿ, ಮತ್ತೆ ಬೆಳೀತಾವೆ" ಎಂದರು ಡಾಕ್ಟರಮ್ಮ. ರಾಗಿ, ಅಕ್ಕಿ, ಜೋಳ ಧಾರಾಳವಾಗಿ ತಿನ್ನಬಹುದು. ಹಿಂಗಿನಲ್ಲೂ ಗೋಧಿ ಹಿಟ್ಟು ಬೆರೆಸಿರುತ್ತಾರಂತೆ, ಅದನ್ನೂ ನಿಲ್ಲಿಸಿದ್ದೇವೆ. ಬೈಲಪ್ಪನ ಮಿಲ್ಲಿನಲ್ಲಿ ಗೋಧಿ ಬೀಸಿದ ಮೇಲೆ ನಮ್ಮ ರಾಗಿ ಹಾಕಿಸುವಂತಿಲ್ಲ, ಹಾಗಾಗಿ ಬೀಸೋಕಲ್ಲು ಮತ್ತೆ ನಡುಮನೆಗೆ ಬಂದಿದೆ. ಹರ್ಷಿತಳ ಹೊಟ್ಟೆಯುಬ್ಬರ ಇಳಿದಿದೆ. ಹುಡುಗಿ ಗೆದ್ದಳು ಎಂದೇ ತಿಳಿದುಕೋ.

ಮಮತ ಭಾನುವಾರ ನಿನ್ನ ಫೋನಿಗೆ ಕಾಯುತ್ತಾಳೆ. ನಿನಗೆ ಆಯುಸ್ಸು, ಆರೋಗ್ಯ ತುಂಬಿರಲಿ.

ಇಂತು ನಿಮ್ಮಪ್ಪ,
ಲಕ್ಷ್ಮಯ್ಯ

ತಾ.ಕ.: ಇದನ್ನು ನಿಮ್ಮಮ್ಮನಿಗೆ ಓದಿ ಹೇಳಿಲ್ಲ. ಈ ಕಾಯಿಲೆ ಮಗುವಿಗಿದ್ದರೆ ತಂದೆ ತಾಯಿಯರನ್ನೂ ಪರೀಕ್ಷೆ ಮಾಡಬೇಕಂತೆ. ಮಮತಳ ರಕ್ತದಲ್ಲಿ ಏನೂ ಇಲ್ಲ. ಇನ್ನುಳಿದವನು ನೀನು. ರಜೆಗೆ ಬಂದು ಮುದ್ದೆ ತಿಂದಷ್ಟು ದಿನ ನೆಟ್ಟಗಿರುತ್ತೀಯ, ಹಿಂತಿರುಗಿ ಮೆಸ್ಸಿನ ಗೋಧಿ ರೊಟ್ಟಿಗೆ ಬಿದ್ದರೆ ಮತ್ತೆ ಭೇದಿ, ಸುಸ್ತು. ಅಲ್ಲಿನ ನೀರು ಒಗ್ಗುವುದಿಲ್ಲ ಎಂದುಕೊಂಡಿದ್ದೆವು. ಕೈಲಾಗುತ್ತಿಲ್ಲ, ಗಡಿ ಕಾವಲಿನ ಕೆಲಸ ಬಿಡುವ ಅರ್ಜಿ ಕೊಡ್ತೀನಿ ಎಂದು ಮಮತಳ ಹತ್ತಿರ ಹೇಳಿದೆಯಂತೆ. ಹರ್ಷಿತಳ ರಿಪೋರ್ಟಿನ ಜೆರಾಕ್ಸ್ ಇದರಲ್ಲಿಟ್ಟಿದ್ದೇನೆ, ನಿಮ್ಮ ಡಾಕ್ಟರಿಗೆ ತೋರಿಸು. ಅವರು ಹೇಳುವವರೆಗೆ ರೊಟ್ಟಿ ಬಿಡಬೇಡ. ಅರ್ಜಿ ಆಮೇಲೆ ಕೊಡುವೆಯಂತೆ, ಮೊದಲು ರಕ್ತ ಕೊಡು.