ಕಣದ ಕಡೆಯ ಕಿಟಕಿಗಳು

ಮಾರ್ಚ್ ೯, ಬೆಳಿಗ್ಗೆ

ಅಕ್ಕಾ,

ಹೇಗಿದ್ದೀಯ? ಕೆಮ್ಮು ಇಳಿಯಿತಾ? ತಿಂಗಳಾಯಿತು ನಿನಗೊಂದು ಮಾತು ಹೇಳದೆ, ಬೈಯಬೇಡ. ಬರೆಯಲು ಕೂತರೆ ಎರಡೇ ಸಾಲಿಗೆ ಕೈ ನಿಲ್ಲುತ್ತದೆ. ಬಾಯಿ ನಿಲ್ಲುವುದಿಲ್ಲ, ಅದು ನಿನಗೆ ಗೊತ್ತೇ ಇದೆ. ಅದಕ್ಕೇ ಫೋನಿಗೆ ಮಾತಾಡಿ ಕಳಿಸುತ್ತಿದ್ದೇನೆ. ಇದನ್ನೇ ಕಾಗದ ಅಂದುಕೋ.

ಮೊನ್ನೆ ನಿಮ್ಮ ಕೃಷಿ ಕಾಲೇಜಿಗೆ ಹೋಗಿದ್ದೆ. ನಾನು ನಕ್ಷೆ ಹಾಕಿದ ಕಟ್ಟಡ, ನೀನು ಮೂರು ವರ್ಷ ಪಾಠ ಮಾಡಿದ ಕಟ್ಟಡ. ಕೆಳಗಿನ ಕಿಟಕಿಯಿಂದ ತಂಪು ಗಾಳಿ ಒಳಗೆ, ಸೂರಿನ ಕಿಂಡಿಯಿಂದ ಬಿಸಿ ಹೊರಗೆ, ಹಗಲು ದೀಪ ಬೇಡ, ಫ್ಯಾನು ಬೇಡ ಅಂತ ಊರೆಲ್ಲ ಹೇಳಿಕೊಂಡು ತಿರುಗಿದ್ದೆನಲ್ಲ. ಗಾಳಿ ಬಂತು ಅಕ್ಕ, ನಾನು ಹೇಳಿದಷ್ಟೇ ಬಂತು. ಹೊರಗೆ ಕಣದಲ್ಲಿ ಹುಡುಗರು ಕಾಳು ತೂರುತ್ತಿದ್ದರು. ಹೊಟ್ಟು, ಧೂಳು ಎಲ್ಲ ನೇರ ಒಳಗೆ. ನಿನ್ನ ತರಗತಿಯ ಬೋರ್ಡು ಕಾಣಲಿಲ್ಲ. ಕಿಟಕಿಗಳಿಗೆ ಒದ್ದೆ ಬಟ್ಟೆ ಕಟ್ಟಿದ್ದಾರೆ. ಅಟೆಂಡರ್ ಅಜ್ಜ ನನ್ನನ್ನೇ ನೋಡಿ, "ಗಾಳಿ ಬಂದಾಗ ತೂರ್ಕೋ ಅಂತಾರೆ ಸಾರ್, ನೀವು ಮೇಷ್ಟ್ರ ಮೂಗಿಗೇ ತೂರ್ಬಿಟ್ರಿ" ಅಂದ. ನಾನೂ ನಕ್ಕೆ. ಆಮೇಲೆ ನಗಲು ಆಗಲಿಲ್ಲ.

ಪ್ರತಿ ಸುಗ್ಗಿಗೂ ನೀನು ಅಲ್ಲೇ ನಿಂತು ದಿನಕ್ಕೆ ನಾಲ್ಕು ಗಂಟೆ ಮಣ್ಣಿನ ಪಾಠ ಹೇಳಿದೆ. ನಿವೃತ್ತಿಗೆ ಆರು ವರ್ಷ ಇರುವಾಗಲೇ ಮಂಡಿನೋವು ಅಂತ ಕೆಲಸ ಬಿಟ್ಟೆ, ನಾನು ನಂಬಿದೆ. ಮಂಡಿ ಕೆಮ್ಮುತ್ತದಾ ಅಕ್ಕ? ಡಾಕ್ಟರು ಶ್ವಾಸಕೋಶದ ಬಗ್ಗೆ ಏನಂದರು ಅಂತ ಭಾವನೇ ಹೇಳಬೇಕಾಯಿತು.

ಪ್ರಿನ್ಸಿಪಾಲರ ಕೋಣೆಯಲ್ಲಿ ಸಭೆ ಆಯಿತು. ಕಣದ ಕಡೆಯ ಕಿಟಕಿ ಮುಚ್ಚಿಸಿ, ತೋಟದ ಕಡೆ ತೆಗೆಸುತ್ತೇನೆ. ಅಲ್ಲಿಯವರೆಗೆ ಫ್ಯಾನು ತಿರುಗಲಿ. ವಿದ್ಯುತ್ ಉಳಿಸಿದ ಕಟ್ಟಡ ಅನ್ನುವ ಹೆಸರು ಹೋದರೆ ಹೋಗಲಿ.

ಔಷಧಿ ತಪ್ಪಿಸಬೇಡ. ಮೊಮ್ಮಗಳಿಗೆ ನನ್ನ ಆಶೀರ್ವಾದ ಹೇಳು. ನಿನ್ನದು ನನ್ನ ತಲೆಯ ಮೇಲೆ ಇರಲಿ, ಕೈ ಇಡಲು ಮನಸ್ಸು ಬಂದರೆ.

ನಿನ್ನ ತಮ್ಮ,
ಮೊಂಡ

ಮತ್ತೆ: ಮುಗಿಯಿತು ಅಂತ ಫೋನು ಇಟ್ಟಿದ್ದೆ, ಪುನಃ ಎತ್ತಿಕೊಂಡೆ. ಮೊದಲ ನಕ್ಷೆ ತೋರಿಸಿದ ದಿನ ಆ ಕಿಟಕಿಗಳ ಪಕ್ಕ ನೀನು ಪೆನ್ಸಿಲಿನಲ್ಲಿ ಬಾಣ ಹಾಕಿ, 'ಸುಗ್ಗಿಯಲ್ಲಿ ಗಾಳಿ ಈ ಕಡೆಯಿಂದ' ಅಂತ ಬರೆದಿದ್ದೆ. ಅದನ್ನು ಒಪ್ಪಿದರೆ ಮೊದಲಿನಿಂದ ನಕ್ಷೆ ಹಾಕಬೇಕಿತ್ತು. ಕಾಲೇಜಿನ ಕಟ್ಟಡ ಸಮಿತಿಗೆ ಕೊಡುವ ಮುಂಚೆ ರಬ್ಬರು ಹಿಡಿದು ನಾನೇ ಅಳಿಸಿದೆ. ಮೊನ್ನೆ ಸಭೆಯಲ್ಲಿ ಪ್ರಿನ್ಸಿಪಾಲರು ಕೇಳಿದರು, "ನಿಮ್ಮಕ್ಕ ಇಲ್ಲೇ ಇದ್ರಲ್ಲ, ಅವರಾದ್ರೂ ಹೇಳ್ಬಾರದಿತ್ತಾ?"

"ಅವರದು ಮಣ್ಣಿನ ವಿಷಯ ಸಾರ್, ಗಾಳಿ ಅವರಿಗೆ ಹೇಗೆ ಗೊತ್ತಾಗ್ಬೇಕು" ಅಂದೆ. ಎಲ್ಲರೂ ಹೌದು ಅಂತ ತಲೆಯಾಡಿಸಿದರು.