ಭಾನುವಾರ ಆ ಕೊಕ್ಕೆಗೆ ಬಟ್ಟೆ ಹಾಕಬಾರದು

ಮನೆಯಿಂದ,
ಶುಕ್ರವಾರ, ಊಟವಾದ ಮೇಲೆ

ನನ್ನ ಗುಬ್ಬಿಗೆ ಅಮ್ಮನ ಪ್ರೀತಿ.

ಫೋನಿರುವಾಗ ಅಮ್ಮ ಯಾಕೆ ಕಾಗದ ಬರೆದಳು ಅಂತ ನೀನು ಆಗಲೇ ಹುಬ್ಬು ಗಂಟಿಕ್ಕಿರುತ್ತೀಯ. ಈ ಮನೆಯಲ್ಲಿ ಮೇಲೆ ಫೋನಿನಲ್ಲಿ ಆಡಿದ್ದೆಲ್ಲ ಕೆಳಗಿನವರಿಗೆ ಕೇಳಿಸುತ್ತದೆ, ಕೆಳಗಿರುವವರು ನಿನ್ನ ಯಜಮಾನರು. ಅದಕ್ಕೇ ಕಾಗದ. ಅಂಚೆ ಡಬ್ಬಿಗೂ ನಾನೇ ಹೋಗಿ ಹಾಕುತ್ತೇನೆ, ಯಾರ ಕೈಗೂ ಕೊಡುವುದಿಲ್ಲ. ಕಣ್ಣು ಚೆನ್ನಾಗಿದೆ. ಆಪರೇಷನ್ ಆದ ಕಣ್ಣಿಗೆ ಈಗ ಎದುರು ತಾರಸಿಯ ಮೇಲೆ ಕೂತ ಪಾರಿವಾಳದ ಕಾಲೂ ಕಾಣುತ್ತದೆ. ಕಾಣಬಾರದ್ದೂ ಕಾಣುತ್ತದೆ.

ಪ್ರೀತಿ ಇರುವಾಗ ನಿನ್ನ ಗಂಡನನ್ನು ನಾನು 'ಅವನು' ಅನ್ನುತ್ತೇನೆ, ಅನುಮಾನ ಬಂದಾಗ 'ಅಳಿಯಂದಿರು' ಅನ್ನುತ್ತೇನೆ ಎಂದು ನೀನೇ ಒಮ್ಮೆ ಕಂಡುಹಿಡಿದು ನಕ್ಕಿದ್ದೆ. ನೀನು ಆಸ್ಪತ್ರೆಯ ಟ್ರೈನಿಂಗಿಗೆ ಅಂತ ಅಷ್ಟು ದೂರ ಹೋದ ಮೇಲೆ ಅವರು ನನಗೆ ಬರೀ ಅಳಿಯಂದಿರೇ ಆಗಿಬಿಟ್ಟಿದ್ದರು.

ಶುರುವಾದದ್ದು ಕೊಕ್ಕೆಯಿಂದ. ನನ್ನ ಕಿಟಕಿಯ ಪಕ್ಕ, ಬೀದಿ ಕಡೆಯ ಗೋಡೆಯಲ್ಲಿ ಒಂದು ದಪ್ಪ ಕಬ್ಬಿಣದ ಕೊಕ್ಕೆ ಇದೆಯಲ್ಲ, ಬಟ್ಟೆ ಒಣಹಾಕುವ ಹಗ್ಗಕ್ಕೆಂದು ನಿನ್ನ ತಾತ ಹೊಡೆಸಿದ್ದು. ನಾನು ಕಣ್ಣಿನ ಆಸ್ಪತ್ರೆಯಿಂದ ಬಂದ ವಾರವೇ ಅಳಿಯಂದಿರು ಮೆಟ್ಟಿಲು ಹತ್ತಿ ಬಂದು, ಅತ್ತೆ, ಭಾನುವಾರ ಬೆಳಗ್ಗೆ ಮಾತ್ರ ಆ ಕೊಕ್ಕೆಗೆ ಬಟ್ಟೆ ಹಾಕ್ಬೇಡಿ, ಅಂದರು. ಯಾಕೆ ಅಂದೆ. ವಾಕಿಗೆ ಜನ ಬರ್ತಾರಲ್ಲ ಅತ್ತೆ, ಚೆನ್ನಾಗಿರಲ್ಲ, ಅಂದರು. ಹೆರಿಟೇಜ್ ವಾಕ್ ನಡೆಸುವುದು ಅವರಿಗೇನು ಹೊಸದೇ? ಇಷ್ಟು ವರ್ಷ ಗಡಿಯಾರದ ಗೋಪುರ, ಕೋಟೆ ಬಾಗಿಲು, ಮೆಟ್ಟಿಲ ಬಾವಿ ಅಂತ ತೋರಿಸಿ ನಮ್ಮ ಮನೆ ಮುಂದೆ ಸರಸರ ದಾಟಿಹೋಗುತ್ತಿದ್ದರು. ನಿಂತು ನೋಡಲು ಇಲ್ಲೇನಿದೆ, ನನ್ನ ಟವೆಲ್ ಬಿಟ್ಟರೆ?

ಆ ಭಾನುವಾರ ಪರದೆಯ ಹಿಂದೆ ನಿಂತು ನೋಡಿದೆ. ವಾಕಿನವರೆಲ್ಲ ನಮ್ಮ ಬಾಗಿಲ ಮುಂದೆ ಬಂದು ನಿಂತರು. ಅಳಿಯಂದಿರು ಧ್ವನಿ ತಗ್ಗಿಸಿ ಏನೋ ಹೇಳಿದರು. ಎಲ್ಲರೂ ಒಟ್ಟಿಗೆ ತಲೆ ಎತ್ತಿ ಕೊಕ್ಕೆಯ ಫೋಟೋ ಹಿಡಿದರು, ಆಮೇಲೆ ನನ್ನ ಕಿಟಕಿಯದು. ಒಬ್ಬ ಹುಡುಗಿ ನನಗೆ ಕೈ ಬೀಸಿದಳು. ನನ್ನ ಮನೆಯಲ್ಲಿ ನಾನೇ ಕಳ್ಳಿಯ ಹಾಗೆ ಮಂಚದ ಪಕ್ಕ ಬಗ್ಗಿ ಕೂತೆ.

ತಲೆಗೆ ಹುಳ ಹೊಕ್ಕಿತು. ಹುಳ ಹೊಕ್ಕ ಮೇಲೆ ಕಂಡದ್ದೆಲ್ಲ ಸಾಕ್ಷಿಯೇ. ಹಿತ್ತಿಲಲ್ಲಿ ಫೋನ್ ಹಿಡಿದು ಪಿಸಪಿಸ ಮಾತಾಡುವವರು ನನ್ನ ಚಪ್ಪಲಿ ಸದ್ದಾದರೆ ಹವಾಮಾನದ ಮಾತಿಗಿಳಿಯುತ್ತಿದ್ದರು. ಒಂದು ದಿನ ಯಾರೋ ಕನ್ನಡಕದವನು ಟೇಪು ಹಿಡಿದು ಮನೆಯ ಮುಂದಿನ ಗೋಡೆ ಅಳೆದ. ಕೇಳಿದರೆ, ನನ್ನ ಸ್ನೇಹಿತ ಅತ್ತೆ, ಸುಮ್ನೆ ನೋಡ್ತಿದಾನೆ, ಅಂದರು. ಸುಮ್ಮನೆ ನೋಡುವವನಿಗೆ ಟೇಪು ಯಾಕೆ? ಹಿತ್ತಿಲ ಗೋಡೆಗೆ ಒಂದು ಹಳೇ ಬಾಗಿಲ ಹಲಗೆ ಒರಗಿಸಿ, ಅದರ ಮುಂದೆ ಹೂಕುಂಡಗಳನ್ನು ಸಾಲಾಗಿ ಇಟ್ಟಿದ್ದರು. ಗಿಡಕ್ಕೆ ನೀರು ಹಾಕುವುದೆಂದರೆ ಮಾರು ದೂರ ಓಡುವ ಮನುಷ್ಯ!

ನಮ್ಮ ಓಣಿಯ ಎಷ್ಟು ಮನೆಗಳು ಹೋಟೆಲಾಗಿವೆ ಅಂತ ನಿನಗೆ ಗೊತ್ತು. ಹಳೇ ಕಂಬಕ್ಕೆ ಎಣ್ಣೆ ಬಳಿದು, ಮೂಲೆಗೊಂದು ಹಳದಿ ದೀಪ ಇಟ್ಟು, ಹೊರಗಿನಿಂದ ಬಂದವರನ್ನು ಮಲಗಿಸುತ್ತಾರೆ. ಇವರು ಅಂಥದ್ದೇ ಮಸಲತ್ತಿನಲ್ಲಿದ್ದಾರೆ, ನಿನ್ನನ್ನು ದೂರ ಕಳಿಸಿ, ನನ್ನ ಕಣ್ಣಿಗೆ ಪಟ್ಟಿ ಇದ್ದಾಗಲೇ ಮಾತುಕತೆ ಮುಗಿಸಿದ್ದಾರೆ ಅಂತ ತೀರ್ಮಾನಿಸಿದೆ. ಮದುವೆಯಾಗಿ ಬಂದು ಕಾಲಿಟ್ಟ ಮನೆ, ನೀನು ಹುಟ್ಟಿದ ಮನೆ, ನಿಮ್ಮಪ್ಪ ಕೊನೆಯ ಉಸಿರೆಳೆದ ಮನೆ. ಬಿಟ್ಟು ಎಲ್ಲಿಗೆ ಹೋಗಲಿ?

ಟೀ ಅಂಗಡಿಗೆ ಹೋಗಿ ನಿನ್ನ ಟೀ ಚಿಕ್ಕಪ್ಪನ ಹತ್ತಿರ ಹೇಳಿಕೊಂಡೆ. ಈ ಓಣಿಯಲ್ಲಿ ನಿಮ್ಮಪ್ಪನ ಸ್ನೇಹಿತರೆಂದು ಉಳಿದವರು ಅವರೊಬ್ಬರೇ. ಲೋಟ ತೊಳೆಯುತ್ತಲೇ ಕೇಳಿಸಿಕೊಂಡು, ಅತ್ತಿಗೆ, ಪರದೆ ಹಿಂದೆ ನಿಂತ್ರೆ ಏನ್ ಕೇಳ್ಸುತ್ತೆ, ನೀವೂ ಒಂದ್ಸಲ ವಾಕಿಗೆ ಹೋಗಿ ಬನ್ನಿ, ಅಂದರು. ತಮಾಷೆಗೆ ಅಂದದ್ದು. ನಾನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಅವರ ಫೋನಿನಿಂದಲೇ, ಅವರ ಹೆಸರಿನಲ್ಲೇ ಜಾಗ ಹಿಡಿಸಿದೆ.

ಹೋದ ಭಾನುವಾರ ಆಸ್ಪತ್ರೆಯವರು ಕೊಟ್ಟ ಕಪ್ಪು ಕನ್ನಡಕ, ಧೂಳಿಗೆ ಮುಖಗವಸು, ನಿನ್ನ ಹಳೇ ರೇನ್‌ಕೋಟು, ಟೋಪಿ ಹಾಕಿಕೊಂಡು ಗೋಪುರದ ಹತ್ತಿರ ಹೋಗಿ ಎಲ್ಲರ ಹಿಂದೆ ನಿಂತೆ. ಬಿಸಿಲು ಚುರುಗುಟ್ಟುತ್ತಿತ್ತು, ರೇನ್‌ಕೋಟಿನೊಳಗೆ ನಾನು ಬೇಯುತ್ತಿದ್ದೆ. ಅಳಿಯಂದಿರು ಹೆಬ್ಬೆರಳನ್ನು ಬೆರಳ ಗೆಣ್ಣುಗಳ ಮೇಲೆ ಓಡಿಸಿ ತಲೆ ಎಣಿಸಿದರು, ನನ್ನನ್ನೂ ಎಣಿಸಿದರು. ಅವರಿಗೆ ಮುಖ ನೋಡುವ ಅಭ್ಯಾಸವಿಲ್ಲ, ಎಣಿಕೆ ಸರಿಯಿದ್ದರೆ ಸಾಕು.

ಸುಳ್ಳು ಯಾಕೆ ಹೇಳಲಿ, ಅವರ ಕೆಲಸ ನೋಡಿ ಹೆಮ್ಮೆಯಾಯಿತು. ಸೊಂಟಕ್ಕೆ ಪುಟ್ಟ ಸ್ಪೀಕರ್ ಕಟ್ಟಿಕೊಂಡು, ಹಿಮ್ಮುಖವಾಗಿ ನಡೆಯುತ್ತ, ಬೆನ್ನಿಗೇ ಕಣ್ಣಿದ್ದ ಹಾಗೆ ಸೈಕಲ್ಲು, ಗಾಡಿ ತಪ್ಪಿಸಿಕೊಂಡು ಮಾತಾಡುತ್ತಾರೆ. ನಿಲ್ಲಿಸುವುದೇನಿದ್ದರೂ ನೆರಳಿರುವ ಕಡೆ. ಮುಖ್ಯವಾದ ಮಾತು ಬಂದಾಗ ಸ್ಪೀಕರ್ ಆರಿಸಿ ಧ್ವನಿ ಇಳಿಸುತ್ತಾರೆ, ಜನ ತಾವಾಗಿ ಹತ್ತಿರ ಬರುತ್ತಾರೆ. ಮಧ್ಯದಲ್ಲಿ ಎಂದಿನಂತೆ ಎಲ್ಲರಿಗೂ ಟೀ ಚಿಕ್ಕಪ್ಪನ ಅಂಗಡಿಯಲ್ಲಿ ಟೀ. ಅವರು ನನಗೆ ಲೋಟ ಕೊಟ್ಟು, ಮೇಡಂ, ಸಕ್ಕರೆ ಸಾಕಾ, ಅಂತ ಗಂಭೀರವಾಗಿ ಕೇಳಿದರು. ನಗು ತಡೆಯಲು ನಾನು ಕೆಮ್ಮಬೇಕಾಯಿತು.

ಆಮೇಲೆ ನಮ್ಮ ಮನೆ ಬಂತು. ಸ್ಪೀಕರ್ ಆರಿತು.

ಗೋಪುರದ ಗಡಿಯಾರಕ್ಕೆ ಕೀಲಿ ಕೊಡುವವನು ಹಿಂದೆ ಈ ಮನೆಯಲ್ಲಿದ್ದನಂತೆ. ಗಂಟೆ ಹೊಡೆದರೆ ಅವನ ಪುಟ್ಟ ಮಗಳು ಬೆಚ್ಚಿ ಏಳುತ್ತಿದ್ದಳಂತೆ. ಅದಕ್ಕೆ ಅವನು ಗೋಪುರದಿಂದ ಈ ಕೊಕ್ಕೆಯವರೆಗೆ ಹಗ್ಗ ಎಳೆದು ಕಟ್ಟಿ, ಮಗಳಿಗೆ ನಿದ್ದೆ ಹತ್ತಿದಾಗ ಹಗ್ಗ ಜಗ್ಗಿ ಗಂಟೆಯ ನಾಲಿಗೆ ಹಿಡಿದಿಡುತ್ತಿದ್ದನಂತೆ. ಆ ಮಗು ಮಲಗಿದಷ್ಟು ಹೊತ್ತು ಊರಿಗೆಲ್ಲ ಹೊತ್ತೇ ಹೋಗುತ್ತಿರಲಿಲ್ಲವಂತೆ.

ಗುಬ್ಬಿ, ನೆನಪಿದೆಯಾ? ಚಿಕ್ಕಂದಿನಲ್ಲಿ ಗಂಟಲು ಊದಿಕೊಂಡು ನೀನು ಜ್ವರದಲ್ಲಿ ಬಿದ್ದಿದ್ದಾಗ, ಗಂಟೆ ಹೊಡೆದಾಗಲೆಲ್ಲ ನನ್ನ ಕುತ್ತಿಗೆಗೆ ಜೋತುಬೀಳುತ್ತಿದ್ದೆಯಲ್ಲ, ಆಗ ಕಟ್ಟಿದ ಕಥೆ ಅದು. ನಿಮ್ಮಪ್ಪನಿಗೂ ಗೊತ್ತಿರಲಿಲ್ಲ. ಕಟ್ಟಿದವಳು ನಾನು, ಕೇಳಿದವಳು ನೀನು, ಮೂರನೆಯವರಿಲ್ಲ. ಅಂದರೆ ಕೊಟ್ಟವಳು ನೀನೇ. ಅಲ್ಲಿಯವರೆಗೆ ಅಳಿಯನ ಮೇಲಿದ್ದ ಅನುಮಾನ ಆ ಗಳಿಗೆಯಲ್ಲಿ ಮಗಳ ಮೇಲೂ ತಿರುಗಿತು. ಕಥೆ ಇರುವ ಮನೆಯನ್ನು ಹೋಟೆಲಿನವರು ಕಣ್ಣು ಮುಚ್ಚಿ ತೆಗೆದುಕೊಳ್ಳುತ್ತಾರೆ, ಇಬ್ಬರೂ ಸೇರಿ ನನ್ನ ಬೆನ್ನ ಹಿಂದೆ ಆಟ ಆಡುತ್ತಿದ್ದೀರಿ ಅಂದುಕೊಂಡೆ.

ಅಷ್ಟಕ್ಕೇ ನಿಲ್ಲಿಸಲಿಲ್ಲ ಮಹಾಶಯರು. ಆ ಕಿಟಕಿಯಲ್ಲಿ ಒಬ್ಬರು ಅಜ್ಜಿ ಕಾಣಿಸ್ತಾರೆ, ಆ ವಂಶದಲ್ಲಿ ಉಳಿದವರು ಅವರೊಬ್ಬರೇ, ತುಂಬಾ ವಯಸ್ಸಾಗಿದೆ, ದಯವಿಟ್ಟು ಯಾರೂ ಗಲಾಟೆ ಮಾಡ್ಬೇಡಿ, ಅಂದರು. ಅಜ್ಜಿಯಂತೆ! ನೀನು ಹಡೆಯುವ ಮೊದಲೇ ನನ್ನನ್ನು ಅಜ್ಜಿ ಮಾಡಿ, ಮ್ಯೂಸಿಯಮ್ಮಿನ ಗೊಂಬೆಯ ಹಾಗೆ ಕಿಟಕಿಯಲ್ಲಿ ಕೂರಿಸಿದ್ದರು. ಪಕ್ಕದಲ್ಲಿದ್ದ ನೀಲಿ ಚೀಲದ ಹೆಂಗಸು ಏನೋ ಕೇಳಿದಳು, ನಾನೂ ಏನೋ ಅಂದೆ. ಬರೆಯುವಂಥದ್ದೇನಲ್ಲ. ತಲೆ ಸಿಡಿಯುತ್ತಿತ್ತು.

ಗುಂಪು ಮುಂದೆ ಹೋದ ಮೇಲೆ ಹಿತ್ತಿಲ ಬಾಗಿಲಿಂದ ಒಳಗೆ ಬಂದೆ. ಕುಂಡಗಳನ್ನು ಸರಿಸಿ ಆ ಹಲಗೆ ಎಳೆದೆ. ಹಿಂದೆ ಗೋಡೆಯ ಮೇಲೆ ಕೆಂಪು ಬಣ್ಣದ ದುಂಡು, ದುಂಡಿನೊಳಗೆ ಅಡ್ಡಗೆರೆ. ಹೊಳೆ ಕಡೆಯ ಓಣಿಯಲ್ಲಿ ರಸ್ತೆ ಅಗಲ ಮಾಡಲು ಮನೆಗಳನ್ನು ಕೆಡವಿದಾಗ ಇದೇ ಗುರುತು ಹಾಕಿದ್ದರಲ್ಲ. ಉಗುರಿನಿಂದ ಕೆರೆದು ನೋಡಿದೆ, ಬಣ್ಣ ಹೋಗಲಿಲ್ಲ. ಹಲಗೆ, ಕುಂಡ ಎಲ್ಲವನ್ನೂ ಇದ್ದ ಜಾಗದಲ್ಲೇ ಇಟ್ಟು, ರೇನ್‌ಕೋಟು ಬಿಚ್ಚಿ ಅಡುಗೆಗೆ ಇಟ್ಟೆ. ಅಳಿಯಂದಿರ ಹತ್ತಿರ ತುಟಿ ಪಿಟಕ್ಕೆನ್ನಲಿಲ್ಲ. ಯಾರು ಏನು ಮಾಡುತ್ತಾರೋ ನೋಡೋಣ ಅಂತ ಕಾದೆ.

ಹೆಚ್ಚು ಕಾಯಬೇಕಾಗಲಿಲ್ಲ. ಬುಧವಾರ ಬೆಳಗ್ಗೆ ಅದೇ ನೀಲಿ ಚೀಲದ ಹೆಂಗಸು ಇಬ್ಬರನ್ನು ಕರೆದುಕೊಂಡು ನಮ್ಮ ಬಾಗಿಲಿಗೆ ಬಂದಳು. ಹಳೇ ಕಟ್ಟಡಗಳ ಇಲಾಖೆಯವಳಂತೆ. ಉಳಿಸಬೇಕಾದ ಮನೆ ಯಾವುದು ಅಂತ ತೀರ್ಮಾನಿಸುವುದೇ ಅವಳ ಕೆಲಸವಂತೆ. ಭಾನುವಾರ ಯಾರಿಗೂ ಹೇಳದೆ ಎಲ್ಲರಂತೆ ವಾಕಿಗೆ ಬಂದಿದ್ದಳಂತೆ. ಅಳಿಯಂದಿರು ಬಿಳಿಚಿಕೊಂಡರು. ಅವಳು ಗೋಡೆ ತಟ್ಟಿದಳು, ಕೊಕ್ಕೆ ನೋಡಿದಳು, ಮೆಟ್ಟಿಲ ಕೆಳಗೆ ಬಗ್ಗಿ ಇಟ್ಟಿಗೆ ನೋಡಿದಳು. ಈ ಮನೆ ಪಟ್ಟಿಗೆ ಸೇರಲ್ಲ ಸರ್, ಇದು ನೀವು ಹೇಳಿದಷ್ಟು ಹಳೇದಲ್ಲ, ಅಂದಳು. ನಿಮ್ಗೆ ಯಾರು ಹೇಳಿದ್ದು ಅಂತ ಇವರು ಕೇಳಿದರು. ಈ ಓಣಿಯವರೇ ಒಬ್ರು ಹೇಳಿದ್ರು, ನಾವೂ ಈಗ ನೋಡಿದ್ವಲ್ಲ, ಅಂದಳು. ನಾನು ಮೆಟ್ಟಿಲ ಮೇಲೆ ಕಟಾಂಜನ ಹಿಡಿದು ನಿಂತಿದ್ದೆ. ಒಂದು ಮಾತೂ ಆಡಲಿಲ್ಲ. ಆಘಾತಕ್ಕೆ ಅತ್ತೆಯ ಬಾಯೇ ಕಟ್ಟಿಹೋಗಿದೆ ಅಂದುಕೊಂಡು ನಿನ್ನ ಗಂಡ ಓಡಿ ಬಂದು ನೀರು ಕೊಟ್ಟ.

ಆ ಸಂಜೆ ಕೂತು ಎಲ್ಲ ಹೇಳಿದ. ನಾನು ಆಸ್ಪತ್ರೆಯಲ್ಲಿದ್ದಾಗ ರಸ್ತೆ ಅಗಲ ಮಾಡುವವರು ಬಂದು ಗುರುತು ಹಾಕಿದ್ದು. ಕಣ್ಣಲ್ಲಿ ನೀರು ಬರಬಾರದು ಅಂತ ಡಾಕ್ಟರು ಅಂದಿದ್ದರಿಂದ ನನಗೆ ಹೇಳಬಾರದೆಂದು ನೀವಿಬ್ಬರೂ ಮಾತಾಡಿಕೊಂಡದ್ದು. ಪಟ್ಟಿಗೆ ಸೇರಿದರೆ ರಸ್ತೆ ನಮ್ಮ ಮನೆಯನ್ನು ಬಳಸಿಕೊಂಡು ಹೋಗುತ್ತದೆ, ಪಟ್ಟಿಗೆ ಸೇರಲು ಮನೆಗೊಂದು ಕಥೆ ಬೇಕು ಅಂತ ಅವನು ತಲೆ ಕೆಡಿಸಿಕೊಂಡಿದ್ದಾಗ ನೀನು ಆ ಕಥೆ ಕೊಟ್ಟದ್ದು. ಟೇಪಿನವನು ಅರ್ಜಿಗೆ ನಕ್ಷೆ ಬರೆದುಕೊಟ್ಟ ಎಂಜಿನಿಯರಂತೆ. ಹೋಟೆಲಿನವರು ಯಾರೂ ಇರಲಿಲ್ಲ. ಇದ್ದದ್ದು ನನ್ನ ತಲೆಯೊಳಗೆ ಮಾತ್ರ.

ಬಯ್ಯಬೇಕೆಂದು ಬಾಯಿ ತೆರೆದೆ, ಅಳು ಬಂತು. ಅತ್ತೆ, ಕಣ್ಣು, ಕಣ್ಣು, ಅಂತ ಅವನು ಕರವಸ್ತ್ರ ಹಿಡಿದು ಒದ್ದಾಡಿದ. ನನ್ನ ಕಥೆಯನ್ನು ನೀನು ಇಷ್ಟು ವರ್ಷ ಇಟ್ಟುಕೊಂಡಿದ್ದೆಯಲ್ಲ ಅನ್ನುವುದೇ ಸಂತೋಷ. ಅದು ನಿಮ್ಮ ಕೈ ಹಿಡಿಯಲಿಲ್ಲ ಅನ್ನುವುದೇ ಸಂಕಟ.

ಬೇಸಿಗೆ ಮುಗಿಯುವುದರೊಳಗೆ ಕೆಡವಲು ಬರುತ್ತಾರಂತೆ. ಅವನು ಎರಡು ಕಡೆ ಬಾಡಿಗೆ ಮನೆ ನೋಡಿ ಬಂದಿದ್ದಾನೆ, ಎರಡಕ್ಕೂ ಮೆಟ್ಟಿಲು ಕಡಿಮೆ. ನೀನು ಟ್ರೈನಿಂಗ್ ಬಿಟ್ಟು ಓಡಿ ಬರಬೇಡ, ಬಂದು ಮಾಡುವುದೇನೂ ಉಳಿದಿಲ್ಲ. ಅವನಿಗೆ ಈಗ ಮನೆ ಹೋಗುವುದಕ್ಕಿಂತ ಯಾರು ಬಾಯಿಬಿಟ್ಟರು ಅನ್ನುವುದೇ ಕೊರೆಯುತ್ತಿದೆ. ಈ ಮನೆ ಯಾವಾಗ ಕಟ್ಟಿದ್ದೆಂದು ತಿಳಿದವರು ಓಣಿಯಲ್ಲಿ ಇನ್ಯಾರಿದ್ದಾರೆ, ಟೀ ಚಿಕ್ಕಪ್ಪನೇ ಹೇಳಿರಬೇಕು ಅನ್ನುತ್ತಾನೆ. ಹೋಗಿ ಕೇಳಿಯೂ ಬಂದ. ಅವರು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ, ಒಲೆ ಸಣ್ಣ ಮಾಡಿದರಂತೆ. ಇನ್ನು ಮೇಲೆ ವಾಕಿನವರು ಅಲ್ಲಿ ಟೀಗೆ ನಿಲ್ಲುವುದಿಲ್ಲ. ನನಗೆ ಇದು ಸರಿಬರುತ್ತಿಲ್ಲ. ನೀನು ಅವನಿಗೆ ಬುದ್ಧಿ ಹೇಳು.

ಹೊತ್ತಿಗೆ ಸರಿಯಾಗಿ ಊಟ ಮಾಡು. ರಾತ್ರಿ ಪಾಳಿ ಇದ್ದಾಗ ಕಾಲಿಗೆ ದಪ್ಪ ಸಾಕ್ಸ್ ಹಾಕಿಕೋ.

ಇಂತಿ,
ಮಗಳನ್ನೂ ಅನುಮಾನಿಸಿದ,
ನಿನ್ನ ಅಮ್ಮ

ತಾ.ಕ.: ಲಕೋಟೆ ಅಂಟಿಸಿ, ಮತ್ತೆ ಬಿಚ್ಚಿದ್ದೇನೆ. ನೀಲಿ ಚೀಲದ ಹೆಂಗಸು ಆವತ್ತು ನನ್ನ ಕಿವಿಯ ಹತ್ತಿರ ಬಗ್ಗಿ, ಇದೆಲ್ಲ ನಿಜಾನಾ ಅಮ್ಮಾ, ನೀವು ಈ ಕಡೆಯವರ ಥರ ಕಾಣ್ತೀರಿ, ಅಂದಳು. ಎಲ್ಲಾ ಸುಳ್ಳು, ಆ ಕೊಕ್ಕೆ ಬಟ್ಟೆ ಒಣಹಾಕೋಕೆ ಹೊಡೆಸಿದ್ದು, ಈ ಮನೆ ಕಟ್ಟಿಸಿದ್ದೇ ನಮ್ಮ ಮಾವ, ಅಂದೆ. ಯಾವ ವರ್ಷ ಅಂತಲೂ ಹೇಳಿದೆ. ಬುಧವಾರ ನಾನು ಬಾಯಿ ಬಿಡದೆ ನಿಂತದ್ದು ಅವಳಿಗೆ ನನ್ನ ಧ್ವನಿ ಗುರುತು ಸಿಕ್ಕೀತು ಅಂತ. ನಾನು ವಾಕಿಗೆ ಹೋಗಿದ್ದೆ ಅಂತ ಗೊತ್ತಿರುವವರು ಟೀ ಚಿಕ್ಕಪ್ಪ ಒಬ್ಬರೇ, ಗೊತ್ತಿದ್ದೂ ಅವರು ಸುಮ್ಮನಿದ್ದಾರೆ. ಇವತ್ತು ಊಟಕ್ಕೆ ಕೂತಾಗ ನಿನ್ನ ಗಂಡನಿಗೆ ಹೇಳಿಬಿಡಬೇಕೆಂದು ಬೆಳಗ್ಗಿನಿಂದ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಎರಡು ತುತ್ತು ತಿಂದು ಅವನು, ಅತ್ತೆ, ಈ ಓಣೀಲಿ ಇನ್ನು ನಾನು ನಂಬೋದು ನಿಮ್ಮೊಬ್ಬರನ್ನೇ, ಅಂದ. ನಾನು ಇನ್ನೊಂದು ಸೌಟು ಬಡಿಸಿದೆ.