ಒಂದು ಅಕ್ಷರ ಕೇಳಿಸದ ನಾಡಿನಿಂದ

ಫೆಬ್ರವರಿ ೩೦, ೨೨೮೬

ನಮಗಿಂತ ಮೊದಲು ಬದುಕಿದವರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲ. ಎಲ್ಲ ತಿಂಗಳಿಗೂ ಮೂವತ್ತೇ ದಿನ ಎಂದು ನಮ್ಮ ಒಕ್ಕೂಟ ಸರ್ಕಾರ ಒಮ್ಮೆ ಆಜ್ಞೆ ಹೊರಡಿಸಿತು. ಉಳಿದ ಜಗತ್ತು ಒಪ್ಪಲಿಲ್ಲ. ಒಪ್ಪಲಿಲ್ಲವೆಂಬುದು ನಮಗೆ ಬಹಳ ಕಾಲ ತಿಳಿಯಲೂ ಇಲ್ಲ. ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಹಳೆಯ ಬರಹಗಳನ್ನು ಓದಿಕೊಂಡು, ಆದಷ್ಟು ನಿಮ್ಮ ಮಾತಿನಲ್ಲೇ ಬರೆಯುತ್ತಿದ್ದೇನೆ. ನನ್ನ ಹೆಸರು ಗುಲಾಬಿ ಅಂಬಿಗ. ನಿಮ್ಮ ಕಾಲದ ಕಾರವಾರಕ್ಕೆ ತೆಂಕಲಿಗಿರುವ ಕಡಲಕೋಟೆ ಬಂದರಿನಲ್ಲಿ ನರ್ಸ್ ಆಗಿದ್ದೆ.

ನಾವು ಬಲಿಷ್ಠರಾಗಿದ್ದೆವು. ಈ ಸಾಗರದಲ್ಲಿ ನಮ್ಮ ನೌಕಾಪಡೆಗೆ ಎದುರಾಡುವವರು ಇರಲಿಲ್ಲ. ಹೊಳೆಗಳೆಲ್ಲ ಘಟ್ಟದ ಮೇಲೆಯೇ ಮುಗಿದುಹೋಗುತ್ತಿದ್ದ ಕಾರಣ ಕರಾವಳಿಯವರು ಸಮುದ್ರದ ನೀರನ್ನೇ ಸೋಸಿ ಕುಡಿಯುತ್ತಿದ್ದೆವು. ಅದಕ್ಕೆ ಸಿಹಿಗಡಲು ಎಂದು ಹೆಸರು. ಗಂಜಿ ಬೇಯುತ್ತಿದ್ದುದು, ಹಸುಗೂಸಿಗೆ ಎರೆಯುತ್ತಿದ್ದುದು, ದೇವರಿಗೆ ಅಭಿಷೇಕವಾಗುತ್ತಿದ್ದುದು ಎಲ್ಲ ಸಿಹಿಗಡಲಿನಲ್ಲೇ. ಪರನುಡಿ ಕಲಿಸುವ ಶಾಲೆಗಳನ್ನು ನನ್ನ ಮುತ್ತಜ್ಜಿಯ ಕಾಲದಲ್ಲೇ ಮುಚ್ಚಿದ್ದರು. ನಮ್ಮಿಂದ ಏನಾದರೂ ಬೇಕಾದವರು ನಮ್ಮ ಮಾತು ಕಲಿತು ಬರಲಿ ಎಂಬುದು ಸರ್ಕಾರದ ನಿಲುವು, ನಮ್ಮ ನಿಲುವೂ ಅದೇ. ತೀರಾ ಅಗತ್ಯಬಿದ್ದರೆ ದನಿಯಾಳು ಇತ್ತು. ಕೊರಳಿಗೆ ಕಟ್ಟಿಕೊಳ್ಳುವ ಆ ಅನುವಾದದ ಯಂತ್ರಕ್ಕೆ ಹೊಸ ಮಾತು ಕಲಿಸುವವರು ಯಾರೂ ಉಳಿದಿರಲಿಲ್ಲ. ಅದಕ್ಕೆ ಗೊತ್ತಿದ್ದುದು ಮುತ್ತಜ್ಜಿಯ ಕಾಲದ ಪರದೇಶ.

ಒಂದು ಮುಂಗಾರಿನಲ್ಲಿ ಆಫ್ರಿಕಾದ ಕರಾವಳಿಯಿಂದ ಹಾಯಿದೋಣಿಯೊಂದು ನಮ್ಮ ಬಂದರಿಗೆ ಬಂತು. ಅದರಲ್ಲಿದ್ದವರು ಒಬ್ಬ ಹೆಂಗಸು, ಇಬ್ಬರು ಗಂಡಸರು. ಬಿರುಗಾಳಿಗೆ ಸಿಕ್ಕಿ ಮೈಯೆಲ್ಲ ಗಾಯವಾಗಿತ್ತು. ಪರೀಕ್ಷೆ ಮಾಡಲು ನನ್ನನ್ನು ಕರೆಸಿದರು. ಹೆಂಗಸು ಗಾಯ ತೋರಿಸಲಿಲ್ಲ. ನನ್ನನ್ನು ದಾಟಿ ಹೋಗಿ ಬಂದರಿನ ಅಧಿಕಾರಿ ದಿವಾಕರ ಹೆಬ್ಳೆಯವರ ಎದುರು ನಿಂತು, ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದಳು.

"ಮ್ಸಿನ್ಯ್ವೆ ಮಾಜಿ! ಮ್ಸಿನ್ಯ್ವೆ ಮಾಜಿ!"

ಹೆಬ್ಳೆಯವರ ಕೊರಳಿನ ದನಿಯಾಳು ಇಂಪಾದ ದನಿಯಲ್ಲಿ ಹೇಳಿತು: "ನೀರು ಕುಡಿಯಿರಿ."

ಹೆಬ್ಳೆಯವರು ನಕ್ಕರು. "ನಮ್ಮೂರಿಗೆ ಬಂದು ನಮಗೇ ಉಪಚಾರ ಮಾಡ್ತಾಳಲ್ರೋ. ಬಾಯಾರ್ಕೆ ಆಗೇದೆ ಅನ್ನೂಕೂ ನೆಟ್ಟಗೆ ಬರೂದಿಲ್ಲ ಇವ್ಳಿಗೆ. ನೀರು ಕೊಡ್ರೋ."

ಕೊಟ್ಟ ಲೋಟದ ನೀರನ್ನು ಅವಳು ನೆಲಕ್ಕೆ ಚೆಲ್ಲಿದಳು. ಗಂಟಲು ಹಿಡಿದುಕೊಂಡು ಕಣ್ಣು ಮೇಲೆ ಮಾಡಿ ತೋರಿಸಿದಳು, ಸಮುದ್ರದ ಕಡೆ ಕೈ ತೋರಿಸಿದಳು. ಗಂಟಲು ಮುಟ್ಟಿಕೊಂಡರೆ ನಮ್ಮಲ್ಲಿ ಬಾಯಾರಿಕೆ ಎಂದೇ ಅರ್ಥ. ಇನ್ನೊಂದು ಲೋಟ ಬಂತು. ಅದನ್ನೂ ಚೆಲ್ಲಿದಳು.

ಹೆಬ್ಳೆಯವರ ನಗು ನಿಂತಿತು. "ಏನು ಸೊಕ್ಕು ನೋಡು! ನಮ್ಮ ನೀರು ಇವ್ಳಿಗೆ ಮೈಲಿಗೆ ಆಗ್ತದ್ಯಾ?" ಎಂದವರೇ ತಾವೊಂದು ಲೋಟ ಗಟಗಟ ಕುಡಿದು ತೋರಿಸಿದರು. ಆಮೇಲೆ ಕಾವಲುಗಾರರಿಗೆ ಹೇಳಿದರು: "ಹಿಡ್ದು ಕುಡಿಸ್ರೋ ಮೂರೂ ಜನಕ್ಕೆ."

"ಸರ್, ಬೇಡ ಅಂತಿದ್ದಾಳೆ ಕಾಣ್ತದೆ," ಎಂದೆ.

"ನಿಂಗೆ ಅವ್ಳ ಭಾಷೆ ಬರ್ತದ್ಯಾ?"

ಬರುತ್ತಿರಲಿಲ್ಲ. ಅಲ್ಲಿದ್ದ ಯಾರಿಗೂ ಬರುತ್ತಿರಲಿಲ್ಲ. ಮೂಗು ಹಿಡಿದು, ದವಡೆ ಅಗಲಿಸಿ ಕುಡಿಸಿದರು. ದನಿಯಾಳು ನಡುನಡುವೆ "ನೀರು ಕುಡಿಯಿರಿ" ಎನ್ನುತ್ತಲೇ ಇತ್ತು. ಕಾವಲುಗಾರರು ಅದಕ್ಕೆ ಬಿದ್ದು ಬಿದ್ದು ನಕ್ಕರು.

ಈಗ ನನಗೆ ಗೊತ್ತು: ಅವರ ಮಾತಿನಲ್ಲಿ ಮಾಜಿ ಎಂದರೆ ನೀರು, ಮ್ನ್ಯ್ವೆ ಎಂದರೆ ನೀವು ಕುಡಿಯಿರಿ. ಮ್ಸಿನ್ಯ್ವೆ ಎಂದರೆ ಕುಡಿಯಬೇಡಿ. ನಡುವಿನ ಆ 'ಸಿ' ಎಂಬ ಒಂದೇ ಅಕ್ಷರದಲ್ಲಿ ಅವರ 'ಬೇಡ' ಇದೆ. ಅವರ ಊರಿನವರು ಈಗ ಅದನ್ನು ಹಲ್ಲುಗಳ ನಡುವೆ ಗಾಳಿ ಬಿಟ್ಟಂತೆ ಹಗುರವಾಗಿ ಉಚ್ಚರಿಸುತ್ತಾರೆ. ಹಳೆಯ ಉಚ್ಚಾರಣೆಯನ್ನಷ್ಟೇ ಬಲ್ಲ ದನಿಯಾಳಿಗೆ ಅದು ಕೇಳಿಸಲಿಲ್ಲ.

ಅವರ ಕರಾವಳಿಯಲ್ಲಿ ಆಗಲೇ ಎಷ್ಟೋ ಜನರನ್ನು ಕೊಂದಿದ್ದ ಒಂದು ಕೆಂಪು ಪಾಚಿ ನೀರಿನ ಸೆಳೆತದೊಂದಿಗೆ ನಮ್ಮ ಕಡೆ ಬರುತ್ತಿತ್ತು. ಅದರ ವಿಷ ನಮ್ಮ ಸೋಸುಯಂತ್ರಗಳನ್ನು ದಾಟಿ ಬರುವಷ್ಟು ಸೂಕ್ಷ್ಮ. ಕಡಲಿನಲ್ಲಿ ಅದರ ಬಣ್ಣ ಎದ್ದು ಕಾಣುವ ಮೊದಲೇ ವಿಷ ನಲ್ಲಿಗೆ ಬಂದಿತ್ತು. ಆ ಮೂವರೂ ಸತ್ತರು. ಅವರ ಹಿಂದೆಯೇ ಹೆಬ್ಳೆಯವರು ಸತ್ತರು. ಅಷ್ಟರಲ್ಲಿ ಕಡಲು ಕೆಂಪಾಯಿತು. ಕಡಲು ಓಕುಳಿಯಾಡಿದೆ ಎಂದು ಜನ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡಲು ಬಂದರು. ನೋಡಿ ಮನೆಗೆ ಹೋಗಿ ನೀರು ಕುಡಿದರು.

ಆ ವಿಷ ಕಾಲಿನಿಂದ ಮೇಲಕ್ಕೆ ಮರಗಟ್ಟಿಸುತ್ತದೆ. ಕೊನೆಗೆ ಉಸಿರು ನಿಂತೇ ಹೋದಂತೆ ಕಾಣುವಷ್ಟು ಕ್ಷೀಣಿಸುತ್ತದೆ, ಆದರೆ ಪ್ರಜ್ಞೆ ಹೋಗುವುದಿಲ್ಲ. ಬೇರೆಯವರು ಬಾಯಿಗೆ ಬಾಯಿಟ್ಟು ಉಸಿರು ಊದುತ್ತಿದ್ದರೆ ವಿಷ ತಾನಾಗಿ ಇಳಿಯುತ್ತದೆ, ರೋಗಿ ಎದ್ದು ಕೂರುತ್ತಾನೆ. ತಮ್ಮವರನ್ನು ಕಳೆದುಕೊಂಡು ಆ ದೋಣಿಯವರು ಕಲಿತ ಪಾಠ ಇದು. ಇದನ್ನೂ ಹೇಳಲೆಂದೇ ಅವರು ಬಂದಿದ್ದರು. ನಾವು ಉಸಿರು ನಿಂತಂತೆ ಕಂಡವರನ್ನೆಲ್ಲ ಹೊತ್ತೊಯ್ದು ಸುಟ್ಟೆವು. ಎಲ್ಲವೂ ಕೇಳಿಸುತ್ತಿದ್ದವರನ್ನು ಸುಟ್ಟೆವು. ನನ್ನ ತಂಗಿ ಸರೋಜಿನಿಯ ಮುಖದ ಮೇಲೆ ಸೌದೆ ಇಡುವಾಗ ಅವಳ ಕಣ್ಣಂಚು ಒದ್ದೆಯಾಗಿತ್ತು. ಮಳೆಹನಿ ಎಂದುಕೊಂಡು ಅಪ್ಪ ಪಂಚೆಯ ತುದಿಯಿಂದ ಒರೆಸಿದ.

ಪರದೇಶಿಗಳು ವಿಷ ತಂದರು ಎಂದು ಸರ್ಕಾರ ಸಾರಿತು. ಸೇಡು ತೀರಿಸಲು ನೌಕಾಪಡೆ ಪಡುವಣಕ್ಕೆ ಹೊರಟಿತು. ಯುದ್ಧನೌಕೆಗಳಲ್ಲೂ ಕಡಲ ನೀರನ್ನೇ ಸೋಸಿ ಕುಡಿಯುತ್ತಿದ್ದರು. ದಾರಿಯುದ್ದಕ್ಕೂ ಬೇರೆ ಬೇರೆ ದೇಶಗಳ ಹಡಗುಗಳು ರೇಡಿಯೋದಲ್ಲಿ ಕೂಗಿ ಎಚ್ಚರಿಸಿದವಂತೆ. ನಮ್ಮವರು ಅದನ್ನು ಬೆದರಿಕೆ ಎಂದು ತಿಳಿದು ಅವುಗಳ ಮೇಲೆ ಗುಂಡು ಹಾರಿಸಿದರು. ಆ ಪಡೆಯ ಹಡಗುಗಳು ಎಷ್ಟೋ ತಿಂಗಳು ಬಾವುಟ ಹಾರಿಸಿಕೊಂಡೇ ಅಲೆದಾಡಿದವು, ಒಳಗೆ ಜೀವವಿರಲಿಲ್ಲ. ನಮ್ಮನ್ನು ಯಾವ ಶತ್ರುವೂ ಸೋಲಿಸಲಿಲ್ಲ. ನಮ್ಮ ನೆರವಿಗೂ ಯಾರೂ ಬರಲಿಲ್ಲ. ಯಾರನ್ನಾದರೂ ಕೇಳೋಣವೆಂದರೆ ಕೇಳುವ ಮಾತು ನಮ್ಮ ಬಾಯಲ್ಲಿರಲಿಲ್ಲ.

ಮಳೆನೀರು ಹಿಡಿದು ಕುಡಿದು ಉಳಿದವರಲ್ಲಿ ಕೆಲವರು ದೋಣಿ ಹತ್ತಿ ಸಿಕ್ಕ ಸಿಕ್ಕ ದಡ ಸೇರಿದೆವು. ನಾನು ಸೇರಿದ್ದು ಆ ಹಾಯಿದೋಣಿಯವರದೇ ದಡ. ನಿರಾಶ್ರಿತರನ್ನು ವಿಚಾರಿಸುವ ಕೋಣೆಯಲ್ಲಿ ಕುಳಿತಿದ್ದ ಹುಡುಗಿ ಅಚ್ಚ ಕನ್ನಡದಲ್ಲಿ ಮಾತಾಡಿದಳು.

"ಕೂತ್ಕೊಳ್ಳಿ ಅಮ್ಮ. ಹೆದರ್ಬೇಡಿ."

ಎಲ್ಲಿ ಕಲಿತೆ ಎಂದು ಕೇಳಿದೆ. "ನಿಮ್ಮ ರೇಡಿಯೋ ಭಾಷಣ ಕೇಳಿ ಕೇಳಿ. ನಿಮ್ಮ ಮಾತು ತಿಳೀದೆ ಇದ್ರೆ ನಾವು ಬದುಕೋ ಹಾಗೇ ಇರ್ಲಿಲ್ವಲ್ಲ," ಎಂದಳು. ಕಡಲಕೋಟೆಯ ಹೆಸರು ಕೇಳಿದ ಕೂಡಲೇ ಬರೆಯುವುದನ್ನು ನಿಲ್ಲಿಸಿದಳು. ಅವಳ ಹೆಸರು ಸೌದಾ. ಹಾಯಿದೋಣಿಯಲ್ಲಿ ಬಂದಿದ್ದ ಆ ಹೆಂಗಸಿನ ಹೆಸರು ರೆಹೆಮಾ ಎಂದು ನನಗೆ ಗೊತ್ತಾದದ್ದು ಆಗಲೇ. ರೆಹೆಮಾ ಅವಳ ತಾಯಿ. ಎಲ್ಲರೂ ಬೇಡವೆಂದರೂ, ಅವರೂ ಮನುಷ್ಯರೇ ತಾನೇ ಎಂದು ದೋಣಿ ಹತ್ತಿದ್ದಳಂತೆ. ಕನ್ನಡ ಬಲ್ಲ ಯಾರೂ ಜೊತೆಗೆ ಹೋಗಲು ಒಪ್ಪಿರಲಿಲ್ಲವಂತೆ; ಅವಳು ಸತ್ತ ಸುದ್ದಿಯನ್ನು ಸೌದಾ ಕೇಳಿದ್ದೂ ನಮ್ಮ ರೇಡಿಯೋದಲ್ಲೇ.

"ಅಮ್ಮ ಸಾಯೋವಾಗ ಹತ್ರ ಯಾರಾದ್ರೂ ಇದ್ರಾ?"

"ನಾನಿದ್ದೆ ಮಗಾ. ನನ್ನ ಕೈ ಹಿಡ್ಕಂಡು ಏನೋ ತುಂಬ ಹೊತ್ತು ಹೇಳಿದ್ಲು."

"ಏನ್ ಹೇಳಿದ್ಲು?"

ನನಗೆ ನೆನಪಿದ್ದುದು ಬರಿಯ ದನಿ. ಅದನ್ನೇ ಕೇಳಿದ ಹಾಗೆ ಅಂದು ತೋರಿಸಿದೆ. ಸೌದಾ ಕಣ್ಣು ಮುಚ್ಚಿ ಕೇಳಿದಳು. ಇನ್ನೊಮ್ಮೆ ಎಂದಳು. ಇನ್ನೊಮ್ಮೆ ಅಂದೆ. ಈ ಬಾರಿ ಅದು ಬೇರೆಯೇ ಆಗಿತ್ತು.

ನಿಮ್ಮಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಊರಿನಲ್ಲಿ ಪರಭಾಷೆ ಕಲಿಸುವ ತರಗತಿ ಒಂದಾದರೂ ಉಳಿದಿದ್ದರೆ ಹೋಗಿ ಕುಳಿತುಕೊಳ್ಳಿ. ಅವರ ಮೇಲೆ ಪ್ರೀತಿ ಹುಟ್ಟದಿದ್ದರೆ ನಿಮ್ಮ ಜೀವಭಯಕ್ಕಾದರೂ ಕಲಿಯಿರಿ. ನನಗೀಗ ಈ ಭಾಷೆ ಚೆನ್ನಾಗಿ ಬರುತ್ತದೆ. ಸೌದಾ ಈಗಲೂ ಆಗಾಗ ಬಂದು ಎದುರಿಗೆ ಕೂರುತ್ತಾಳೆ, ನಾನು ಅವಳಮ್ಮನ ಆ ದನಿಯನ್ನು ಅಂದು ತೋರಿಸುತ್ತೇನೆ. ಅದರಲ್ಲಿ ಈ ಭಾಷೆಯ ಒಂದು ಪದವೂ ಇಲ್ಲ.